ಊರೂರು ತಿರುಗುವವರಿಗೆ ಎಂಥ ಲ್ಯಾಪ್‌ಟಾಪ್ ಬೇಕು?

ಪ್ರಶ್ನೆ: ನಾನು ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಯೊಂದರ ಫೀಲ್ಡ್ ಕೆಲಸದಲ್ಲಿದ್ದೇನೆ. ವಾರದಲ್ಲಿ ನಾಲ್ಕೈದು ದಿನ ಗಾಡಿ ಮೇಲೆ ಹಳ್ಳಿ ಸುತ್ತಬೇಕು. ಆಗಾಗ ಹುಬ್ಬಳ್ಳಿ, ತಿಂಗಳಿಗೊಮ್ಮೆ ಬೆಂಗಳೂರು. ಈಗ ಇರುವುದು 15.6 ಇಂಚಿನ ಲ್ಯಾಪ್‌ಟಾಪ್. ಮಧ್ಯಾಹ್ನಕ್ಕೇ ಚಾರ್ಜ್ ಮುಗಿಯುತ್ತದೆ, ಸಂಜೆ ಹೊತ್ತಿಗೆ ಹೆಗಲು ಹಿಡಿದುಕೊಂಡಿರುತ್ತದೆ. ಎಕ್ಸೆಲ್, ಮೇಲ್, ‘ನುಡಿ’ ತಂತ್ರಾಂಶದಲ್ಲಿ ಕನ್ನಡ ವರದಿ, ಒಮ್ಮೊಮ್ಮೆ ವಿಡಿಯೊ ಮೀಟಿಂಗ್, ಇಷ್ಟೇ ನನ್ನ ಕೆಲಸ. 60 ಸಾವಿರದೊಳಗೆ ಸಣ್ಣದು, ಹಗುರವಾದದ್ದು ಯಾವುದು ತಗೊಳ್ಳಲಿ?

ಉತ್ತರ: ಇದೇ ಪ್ರಶ್ನೆಯನ್ನು ಬೇರೆ ಬೇರೆಯವರೂ ಕೇಳುತ್ತಾರೆ. ಗದಗ ಕಡೆಯ ಗಾಳಿ ಫ್ಯಾನುಗಳ ನಿರ್ವಹಣೆಗೆ ಓಡಾಡುವವರು, ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಬಂದು ಹೋಗುವ ಖರೀದಿದಾರರು, ಧಾರವಾಡದಿಂದ ದಿನಾ ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ಹುಬ್ಬಳ್ಳಿಗೆ ಬರುವ ಆಫೀಸಿನವರು, ಎಲ್ಲರಿಗೂ ಬೇಕಾದದ್ದು ಹೆಚ್ಚುಕಡಿಮೆ ಒಂದೇ.

ನಿಮಗೆ ನೇರವಾಗಿ ಹೇಳುತ್ತೇನೆ. 14 ಇಂಚಿನ ಪರದೆ. ಲ್ಯಾಪ್‌ಟಾಪ್ ಮಾತ್ರ ತೂಗಿದರೆ 1.4 ಕೆಜಿ ಆಸುಪಾಸು. 16 ಜಿಬಿ ರ‍್ಯಾಮ್. ಟೈಪ್-ಸಿ ಪಿನ್ನಿನಿಂದ ಚಾರ್ಜ್ ಆಗಬೇಕು. ಬ್ಯಾಟರಿ 50 ವ್ಯಾಟ್-ಅವರ್‌ಗಿಂತ ಕಡಿಮೆ ಇರಬಾರದು (ವ್ಯಾಟ್-ಅವರ್ ಅಂದರೆ ಬ್ಯಾಟರಿಯಲ್ಲಿ ಎಷ್ಟು ಕರೆಂಟು ಹಿಡಿಯುತ್ತದೆ ಅನ್ನುವ ಅಳತೆ). ಇಷ್ಟು ಸಿಕ್ಕರೆ ಕಂಪನಿ ಯಾವುದಾದರೂ ನಡೆಯುತ್ತದೆ. ಮಾಡೆಲ್ ಹೆಸರು ಹೇಳುವುದಿಲ್ಲ, ಅವು ಕೆಲವೇ ತಿಂಗಳಿಗೆ ಬದಲಾಗುತ್ತವೆ. ಅದರ ಬದಲು, ಅಂಗಡಿಯಲ್ಲಿ ನಿಂತಾಗ ಏನು ನೋಡಬೇಕು, ಯಾಕೆ ನೋಡಬೇಕು ಅಂತ ಹೇಳುತ್ತೇನೆ.

ಮೊದಲು ತೂಕ. ಡಬ್ಬಿಯ ಮೇಲೆ ಬರೆದಿರುವುದು ಲ್ಯಾಪ್‌ಟಾಪಿನ ತೂಕ ಮಾತ್ರ. ನಿಮ್ಮ ಹೆಗಲ ಮೇಲೆ ಕೂರುವುದು ಚಾರ್ಜರ್, ಅದರ ದಪ್ಪ ವೈರು, ಮೌಸು, ಫೋನಿನ ಚಾರ್ಜರು, ಬ್ಯಾಗು, ಎಲ್ಲಾ ಸೇರಿ. 15.6 ಇಂಚಿನವು ಸಾಮಾನ್ಯವಾಗಿ 1.6ರಿಂದ 1.8 ಕೆಜಿ ಇರುತ್ತವೆ. ನೀವು 1.4 ಕೆಜಿಯದನ್ನು ಕೊಂಡು, ಹಳೇ ತರಹದ ಇಟ್ಟಿಗೆಯಂಥ ಚಾರ್ಜರನ್ನೇ ಹೊತ್ತರೆ ಉಳಿಸಿದ ತೂಕ ಅಲ್ಲೇ ಹೋಯಿತು. ಹುಬ್ಬಳ್ಳಿ ಸ್ಟೇಷನ್ನಿನ ಒಂದೂವರೆ ಕಿಲೋಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದವರಿಗೆ ಇದು ಚೆನ್ನಾಗಿ ಗೊತ್ತು.

ಅದಕ್ಕೇ ಟೈಪ್-ಸಿ ಮೇಲೆ ಇಷ್ಟು ಒತ್ತು ಕೊಡುತ್ತಿದ್ದೇನೆ. ಲ್ಯಾಪ್‌ಟಾಪ್ ಟೈಪ್-ಸಿಯಿಂದ ಚಾರ್ಜ್ ಆದರೆ, 65 ವ್ಯಾಟಿನ ಒಂದೇ ಸಣ್ಣ ಚಾರ್ಜರ್ ಫೋನಿಗೂ ಆಗುತ್ತದೆ, ಲ್ಯಾಪ್‌ಟಾಪಿಗೂ ಆಗುತ್ತದೆ. ಈಗ ಬರುವ ‘ಗ್ಯಾನ್’ ಚಾರ್ಜರುಗಳು ಅಂಗೈಯಲ್ಲಿ ಹಿಡಿಸುತ್ತವೆ. ಅವುಗಳಲ್ಲಿ ಸಿಲಿಕಾನ್ ಬದಲು ಗ್ಯಾಲಿಯಂ ನೈಟ್ರೈಡ್ ಬಳಸಿರುತ್ತಾರೆ. ಕರೆಂಟನ್ನು ಇನ್ನೂ ವೇಗವಾಗಿ ಆನ್-ಆಫ್ ಮಾಡಬಹುದು, ಕರೆಂಟು ಬಿಸಿಯಾಗಿ ಪೋಲಾಗುವುದು ಕಡಿಮೆ, ಹಾಗಾಗಿ ಒಳಗಿನ ಟ್ರಾನ್ಸ್‌ಫಾರ್ಮರ್ ಸಣ್ಣದಾದರೂ ಸಾಕು. ಯುರೋಪಿನಲ್ಲಿ ಹೊಸ ಲ್ಯಾಪ್‌ಟಾಪುಗಳಿಗೆ ಟೈಪ್-ಸಿ ಚಾರ್ಜಿಂಗ್ ಕಡ್ಡಾಯ ಮಾಡುವ ನಿಯಮಕ್ಕೆ 2026ರ ಏಪ್ರಿಲ್ 28ರ ಗಡುವು ಕೊಟ್ಟಿದ್ದಾರೆ. ಅದರ ಪರಿಣಾಮ ನಮ್ಮ ಅಂಗಡಿಗಳಲ್ಲೂ ಕಾಣುತ್ತದೆ.

ಒಂದು ಎಚ್ಚರ. ಟೈಪ್-ಸಿ ತೂತು ಇದ್ದ ಮಾತ್ರಕ್ಕೆ ಅದರಲ್ಲಿ ಚಾರ್ಜ್ ಆಗುತ್ತದೆ ಅಂತಲ್ಲ. ಕೆಲವು ಅಗ್ಗದ ಮಾಡೆಲುಗಳಲ್ಲಿ ಅದು ಪೆನ್‌ಡ್ರೈವ್ ಹಾಕೋಕೆ ಮಾತ್ರ. ವಿವರ ಪಟ್ಟಿಯಲ್ಲಿ ‘ಪವರ್ ಡೆಲಿವರಿ’ ಅಂತ ಇದೆಯಾ ನೋಡಿ. ಇನ್ನೂ ಒಳ್ಳೆಯದು, ಅಂಗಡಿಯಲ್ಲೇ ಒಂದು ಟೈಪ್-ಸಿ ಚಾರ್ಜರ್ ಚುಚ್ಚಿ ತೋರಿಸಿ ಅನ್ನಿ. ಕೇಬಲ್ ಕೂಡ ಮುಖ್ಯ. ಸಾಮಾನ್ಯ ಟೈಪ್-ಸಿ ಕೇಬಲ್ 60 ವ್ಯಾಟ್ ತನಕ ಮಾತ್ರ ಒಯ್ಯುತ್ತದೆ. ಅದಕ್ಕಿಂತ ಜಾಸ್ತಿ ಬೇಕಾದರೆ 5 ಆಂಪಿಯರಿನ ಕೇಬಲ್ ಕೇಳಿ ತಗೊಳ್ಳಿ.

ಇನ್ನು ಬ್ಯಾಟರಿ. ‘18 ತಾಸು ಬರುತ್ತದೆ’ ಅಂತ ಜಾಹೀರಾತು ಇದ್ದರೆ, ಅದು ಸಾಮಾನ್ಯವಾಗಿ ಪರದೆಯ ಬೆಳಕು ತಗ್ಗಿಸಿ ಸಿನಿಮಾ ಓಡಿಸಿ ಅಳೆದದ್ದು. ನೀವೇ ಲೆಕ್ಕ ಹಾಕಬಹುದು, ಕಷ್ಟವೇನಿಲ್ಲ. ಎಕ್ಸೆಲ್, ಮೇಲ್ ಕೆಲಸಕ್ಕೆ ಸಣ್ಣ ಲ್ಯಾಪ್‌ಟಾಪ್ ತಾಸಿಗೆ ಸುಮಾರು 7 ವ್ಯಾಟ್-ಅವರ್ ತಿನ್ನುತ್ತದೆ ಅಂದುಕೊಳ್ಳಿ. 50 ವ್ಯಾಟ್-ಅವರ್ ಬ್ಯಾಟರಿ ಇದ್ದರೆ ಏಳು ತಾಸು. ವಿಡಿಯೊ ಮೀಟಿಂಗ್ ಶುರುವಾದರೆ ಅದು ದುಪ್ಪಟ್ಟು ತಿನ್ನಬಹುದು. ಹಗುರ ಮಾಡಲೆಂದು 40ರ ಬ್ಯಾಟರಿ ಹಾಕಿದ ಮಾಡೆಲುಗಳೂ ಇವೆ. ಅಂಥವು ನಿಮಗೆ ಬೇಡ. ನೂರು ಗ್ರಾಂ ಉಳಿಯುತ್ತದೆ, ಆದರೆ ಮಧ್ಯಾಹ್ನ ಮತ್ತೆ ಯಾರ ಮನೆಯಲ್ಲಿ ಪ್ಲಗ್ ಇದೆ ಅಂತ ಹುಡುಕಬೇಕಾಗುತ್ತದೆ. ಧಾರವಾಡ-ಬೆಂಗಳೂರು ವಂದೇ ಭಾರತ್‌ನಲ್ಲಿ ಸೀಟಿನ ಹತ್ತಿರ ಪ್ಲಗ್ ಸಿಗುತ್ತದೆ. ಹೊಲದ ಬದುವಿನ ಮೇಲೆ ಸಿಗುವುದಿಲ್ಲ, ಅಲ್ವಾ?

ಟೈಪ್-ಸಿ ಇದ್ದರೆ ಪವರ್ ಬ್ಯಾಂಕಿನಿಂದಲೂ ನಡೆಯುತ್ತದೆ. 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್. ಆದರೆ ಅದು 45 ಅಥವಾ 65 ವ್ಯಾಟ್ ಕೊಡುವಂಥದ್ದಾಗಿರಬೇಕು. ಫೋನಿಗಾಗಿ ಮಾಡಿದ ಸಾದಾ ಪವರ್ ಬ್ಯಾಂಕಿನಿಂದ ಲ್ಯಾಪ್‌ಟಾಪ್ ಚಾರ್ಜ್ ಆಗುವುದಿಲ್ಲ. ಹುಬ್ಬಳ್ಳಿಯಿಂದ ವಿಮಾನದಲ್ಲಿ ಹೋಗುವುದಾದರೆ 100 ವ್ಯಾಟ್-ಅವರ್ ತನಕದ್ದನ್ನು ಕೈಚೀಲದಲ್ಲಿ ಒಯ್ಯಬಹುದು. ಕೌಂಟರಿನಲ್ಲಿ ಕೊಡುವ ದೊಡ್ಡ ಬ್ಯಾಗಿನಲ್ಲಿ ಹಾಕಬಾರದು.

ಈಗ ಎಲ್ಲಕ್ಕಿಂತ ಮುಖ್ಯ ಮಾತು. ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ರ‍್ಯಾಮನ್ನು ಸಾಮಾನ್ಯವಾಗಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಹಳೇ ದಪ್ಪ ಲ್ಯಾಪ್‌ಟಾಪಿನ ಹಾಗೆ ಆಮೇಲೆ ಹಿಂದಿನ ಮುಚ್ಚಳ ತೆಗೆದು ಇನ್ನೊಂದು ಪಟ್ಟಿ ಸಿಕ್ಕಿಸೋಕೆ ಆಗುವುದಿಲ್ಲ. ಇಂಟೆಲ್ 2024ರಲ್ಲಿ ತಂದ ಕೋರ್ ಅಲ್ಟ್ರಾ 200ವಿ ಸರಣಿಯಲ್ಲಂತೂ ರ‍್ಯಾಮ್ ಪ್ರೊಸೆಸರಿನ ಜೊತೆಗೇ ಕೂತಿದೆ. ಅಂದರೆ ಕೊಳ್ಳುವ ದಿನ ಎಷ್ಟು ತಗೊಂಡಿರೋ, ಕೊನೇ ದಿನದ ತನಕ ಅಷ್ಟೇ. ಅಂಗಡಿಯಲ್ಲಿ ‘ಎಂಟು ಜಿಬಿ ಭಾಳಾತ್ರಿ ಸರ, ಬೇಕಾದ್ರ ಮುಂದ ಹಾಕ್ಸೂಣು’ ಅಂದರೆ, ಹೆಚ್ಚುವರಿ ಸ್ಲಾಟ್ ಇದೆಯಾ ಅಂತ ಅದೇ ಮಾಡೆಲಿನ ವಿವರ ಪಟ್ಟಿಯಲ್ಲಿ ತೋರಿಸಲು ಹೇಳಿ. ಇಲ್ಲದಿದ್ದರೆ 16 ಜಿಬಿಯೇ ಸರಿ.

ಎಸ್‌ಎಸ್‌ಡಿ (ಫೈಲುಗಳು ಉಳಿಯುವ ಜಾಗ) ಹಾಗಲ್ಲ. ಅದನ್ನು ಬಹಳಷ್ಟು ಮಾಡೆಲುಗಳಲ್ಲಿ ಆಮೇಲೆ ಬದಲಿಸಬಹುದು. ದುಡ್ಡು ಸಾಲದಿದ್ದರೆ 1 ಟಿಬಿಯ ಆಸೆ ಬಿಟ್ಟು 512 ಜಿಬಿಗೆ ನಿಲ್ಲಿ, ಉಳಿದದ್ದನ್ನು ರ‍್ಯಾಮಿಗೆ ಹಾಕಿ. ಪ್ರೊಸೆಸರ್ ವಿಷಯದಲ್ಲೂ ಹಾಗೇ. ನಿಮ್ಮ ಕೆಲಸಕ್ಕೆ ಕೋರ್ 5 ಅಥವಾ ರೈಜೆನ್ 5 ಧಾರಾಳ. ಹೆಸರಿನ ಕೊನೆಯ ಅಕ್ಷರ ನೋಡಿ. ‘ಯು’ ಇದ್ದರೆ ಕಡಿಮೆ ಕರೆಂಟಿನಲ್ಲಿ ಓಡುವಂಥದ್ದು. ‘ಎಚ್’ ಇದ್ದರೆ ಜೋರಾಗಿ ಓಡುತ್ತದೆ, ಬ್ಯಾಟರಿಯನ್ನೂ ಜೋರಾಗಿ ತಿನ್ನುತ್ತದೆ, ಬಿಸಿಯೂ ಜಾಸ್ತಿ.

ಪರದೆಯಲ್ಲಿ 16:10 ಅಳತೆಯದ್ದು (ಅಗಲ 16 ಪಾಲಾದರೆ ಎತ್ತರ 10) ಸಿಕ್ಕರೆ ಬಿಡಬೇಡಿ. 1920×1080 ಪರದೆಗಿಂತ 1920×1200 ಪರದೆ ಎತ್ತರದಲ್ಲಿ 120 ಚುಕ್ಕಿಗಳಷ್ಟು ಜಾಸ್ತಿ. ಎಕ್ಸೆಲ್‌ನಲ್ಲಿ ನೋಡಿದರೆ ಐದಾರು ಸಾಲು ಹೆಚ್ಚು ಕಾಣುತ್ತವೆ. ರೈತರ ಹೆಸರು, ಸರ್ವೆ ನಂಬರು, ಪ್ಲಾಟಿನ ಲೆಕ್ಕ ಇಳಿಸಿ ಇಳಿಸಿ ನೋಡುವವರಿಗೆ ಇದು ದಿನವಿಡೀ ಆಗುವ ಉಪಕಾರ. ಬೆಳಕನ್ನು ‘ನಿಟ್ಸ್’ ಲೆಕ್ಕದಲ್ಲಿ ಹೇಳುತ್ತಾರೆ. ಅಗ್ಗದವು 250. ಮನೆಯೊಳಗೆ ಸಾಕು, ಮರದ ನೆರಳಿನಲ್ಲಿ ಸಾಲದು. 400 ಸಿಕ್ಕರೆ ಒಳ್ಳೆಯದು. ಹೊಳೆಯುವ ಗಾಜಿನ ಪರದೆಗಿಂತ ಮ್ಯಾಟ್ ಪರದೆ ವಾಸಿ, ಹೊರಗೆ ಮುಖ ಪ್ರತಿಫಲಿಸುವುದಿಲ್ಲ. ನೇರ ಬಿಸಿಲಿನಲ್ಲಿ ಮಾತ್ರ ಯಾವುದೂ ಸರಿಯಾಗಿ ಕಾಣುವುದಿಲ್ಲ.

ಕೀಬೋರ್ಡ್ ಬಗ್ಗೆ ಇಂಗ್ಲಿಷ್ ವಿಮರ್ಶೆಗಳಲ್ಲಿ ಸಿಗದ ಒಂದು ವಿಷಯವಿದೆ. ನುಡಿಯಲ್ಲಿ ಬರೆಯುವವರಿಗೆ ಶಿಫ್ಟ್ ಕೀ ಬಹಳ ಬೇಕು. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒಂದು ಪುಟ ವರದಿಯಲ್ಲಿ ನಮ್ಮ ಕಿರುಬೆರಳು ಎಷ್ಟೋ ಸಲ ಅಲ್ಲಿಗೆ ಹೋಗಿ ಬರುತ್ತದೆ. 13, 14 ಇಂಚಿನವುಗಳಲ್ಲಿ ಅಕ್ಷರದ ಕೀಗಳು ಪೂರ್ತಿ ಅಳತೆಯವೇ ಇರುತ್ತವೆ. ಆದರೆ ಕೆಲವರು ಬಾಣದ ಕೀಗಳಿಗೆ ಜಾಗ ಮಾಡಲು ಬಲಗಡೆಯ ಶಿಫ್ಟನ್ನು ಮೊಟಕು ಮಾಡಿರುತ್ತಾರೆ. 12 ಇಂಚಿಗಿಂತ ಸಣ್ಣದಕ್ಕೆ ಇಳಿದರೆ ಸಾಮಾನ್ಯವಾಗಿ ಎಲ್ಲಾ ಕೀಗಳೂ ಕುಗ್ಗುತ್ತವೆ. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಕಡೆ ಅಂಗಡಿಗೆ ಹೋದಾಗ ನೋಟ್‌ಪ್ಯಾಡ್ ತೆರೆದು ನಾಲ್ಕು ಸಾಲು ಹೊಡೆದು ನೋಡಿ. ಸಂಕೋಚ ಬೇಡ. ನಾಲ್ಕೈದು ವರ್ಷ ಬೆರಳಾಡಿಸುವವರು ನೀವು.

ಪೂರ್ತಿ ದೂರ ಇಡಬೇಕಾದದ್ದು ಒಂದಿದೆ. 11 ಇಂಚಿನದ್ದು, ನೋಡೋಕೆ ಚೆಂದ, ಬೆಲೆ ಬಹಳ ಕಡಿಮೆ, ಒಳಗೆ 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಫೈಲು ಇಡುವ ಅಗ್ಗದ ಮೆಮೊರಿ). ವಿಂಡೋಸ್ 11 ಹಾಕಲು ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಮಟ್ಟವೇ ಅದು. ಕನಿಷ್ಠ ಅಂದರೆ ಶುರುವಾಗುತ್ತದೆ, ಅಷ್ಟೇ. ಅಪ್‌ಡೇಟ್ ಬಂದಾಗ ಜಾಗ ಸಾಲುವುದಿಲ್ಲ. ಇಎಂಎಂಸಿ ಎಸ್‌ಎಸ್‌ಡಿಗಿಂತ ಬಹಳ ನಿಧಾನ, ಬೆಸುಗೆ ಹಾಕಿರುವುದರಿಂದ ಬದಲಿಸೋಕೂ ಬರುವುದಿಲ್ಲ. 2007ರಲ್ಲಿ ಏಸುಸ್ ಕಂಪನಿಯ ‘ಈ ಪಿಸಿ’ (Eee PC) ಬಂದ ಮೇಲೆ ಹಬ್ಬಿದ, ಅಗ್ಗದ ಪುಟ್ಟ ಲ್ಯಾಪ್‌ಟಾಪುಗಳಾದ ನೆಟ್‌ಬುಕ್‌ಗಳನ್ನು ಬಳಸಿದವರು ಇವತ್ತಿಗೂ ‘ಸಣ್ಣದು ಅಂದರೆ ನಿಧಾನ’ ಅನ್ನುತ್ತಾರೆ. ಇಂಥ ಮಾಡೆಲುಗಳಲ್ಲಿ ಆ ಮಾತು ಈಗಲೂ ನಿಜ. 14 ಇಂಚಿನ ಒಳ್ಳೆಯ ಲ್ಯಾಪ್‌ಟಾಪಿನಲ್ಲಿ ನಿಜವಲ್ಲ.

ಟ್ಯಾಬ್ಲೆಟ್ಟಿಗೆ ಕೀಬೋರ್ಡ್ ಜೋಡಿಸುವ ತರಹದ್ದು ನಿಮಗೆ ಆಗುವುದಿಲ್ಲ. ಅದಕ್ಕೆ ಹಿಂದೆ ಕಾಲು ಕೊಟ್ಟು ನಿಲ್ಲಿಸಲು ಮೇಜು ಬೇಕು. ವಾಯವ್ಯ ಸಾರಿಗೆ ಬಸ್ಸಿನಲ್ಲಿ ತೊಡೆ ಮೇಲೆ ನಿಲ್ಲುವುದಿಲ್ಲ.

ಮ್ಯಾಕ್‌ಬುಕ್ ಏರ್ ಹೇಗೆ ಅಂತಲೂ ಕೇಳುತ್ತಾರೆ. 13 ಇಂಚಿನ ಎಂ2 ಮಾಡೆಲ್ 1.24 ಕೆಜಿ. ಬ್ಯಾಟರಿ ಬಹಳ ಚೆನ್ನಾಗಿ ಬರುತ್ತದೆ. 2020ರ ಎಂ1 ಮಾಡೆಲಿನಿಂದ ಈಚೆಗೆ ಒಳಗೆ ಫ್ಯಾನೇ ಇಲ್ಲ, ಹಾಗಾಗಿ ನಮ್ಮ ಎರಿ ಮಣ್ಣಿನ ಧೂಳು ಎಳೆದುಕೊಳ್ಳುವುದೂ ಇಲ್ಲ. ಯೂನಿಕೋಡ್ ಕನ್ನಡ ಅದರಲ್ಲಿ ಬರೆಯಬಹುದು, ಆದರೆ ನುಡಿ ತಂತ್ರಾಂಶ, ಲೆಕ್ಕ ಬರೆಯುವ ಟ್ಯಾಲಿ ಎರಡೂ ವಿಂಡೋಸಿಗೆ ಮಾಡಿದಂಥವು. ನಿಮ್ಮ ಆಫೀಸು ನುಡಿ ಫೈಲನ್ನೇ ಕೇಳುವುದಾದರೆ ಮ್ಯಾಕ್ ಬೇಡ. ಸ್ನ್ಯಾಪ್‌ಡ್ರಾಗನ್ ಎಕ್ಸ್ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪುಗಳೂ ಬ್ಯಾಟರಿಯಲ್ಲಿ ಗಟ್ಟಿ. ಅವುಗಳಲ್ಲಿ ಸಾಮಾನ್ಯ ಸಾಫ್ಟ್‌ವೇರ್ ಬಹಳಷ್ಟು ಓಡುತ್ತದೆ. ಆದರೆ ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್ ಇಂಥವುಗಳ ಡ್ರೈವರ್ ಆ ಚಿಪ್ಪಿಗಾಗಿಯೇ ಬರೆದದ್ದಿರಬೇಕು. ನಿಮ್ಮದು ಇದೆಯಾ ಅಂತ ಖಾತ್ರಿ ಮಾಡಿಕೊಳ್ಳದೆ ದುಡ್ಡು ಕೊಡಬೇಡಿ.

60 ಸಾವಿರ ಜಾಸ್ತಿ ಅನ್ನಿಸಿದರೆ, ರಿಫರ್ಬಿಷ್ಡ್ (ಬಳಸಿದ್ದನ್ನು ಸರಿಪಡಿಸಿ ಮಾರುವುದು) ನನಗೆ ನಿಜಕ್ಕೂ ಇಷ್ಟವಾದ ದಾರಿ. ದೊಡ್ಡ ಕಂಪನಿಗಳು ಬಳಸಿ ವಾಪಸ್ ಕೊಟ್ಟ ಥಿಂಕ್‌ಪ್ಯಾಡ್ ಎಕ್ಸ್ ಸರಣಿ, ಡೆಲ್ ಲ್ಯಾಟಿಟ್ಯೂಡ್ 7000 ಸರಣಿ, ಎಚ್‌ಪಿ ಎಲೈಟ್‌ಬುಕ್ 800 ಸರಣಿಯವು ಸಿಗುತ್ತವೆ. ಇವು ಊರೂರು ತಿರುಗುವವರಿಗೆಂದೇ ಕಟ್ಟಿದವು. ಕೀಬೋರ್ಡ್ ಚೆನ್ನಾಗಿರುತ್ತದೆ, ತಿರುಗಣಿ ಗಟ್ಟಿ. ಆದರೆ ಇಂಟೆಲ್ ಆದರೆ 8ನೇ ಪೀಳಿಗೆ ಅಥವಾ ಅದರ ಮೇಲಿನದ್ದೇ ಇರಲಿ. ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬ್ಯಾಟರಿ ಸವೆದಿರುತ್ತದೆ ಅಂತ ಮೊದಲೇ ಅಂದುಕೊಂಡು ಹೋಗಿ. ಬ್ಯಾಟರಿ ರಿಪೋರ್ಟ್ ತೆಗೆದು ತೋರಿಸಿ ಅಂದರೆ ಅಂಗಡಿಯವರು ವಿಂಡೋಸಿನಲ್ಲೇ ತೆಗೆದು ತೋರಿಸಬಹುದು. ಹೊಸತಿದ್ದಾಗ ಎಷ್ಟು ತುಂಬುತ್ತಿತ್ತು, ಈಗ ಎಷ್ಟು ತುಂಬುತ್ತದೆ, ಎರಡೂ ಅದರಲ್ಲಿರುತ್ತವೆ. ಈಗಿನದು ಮುಕ್ಕಾಲಿಗಿಂತ ಕಡಿಮೆ ಇದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಕಳೆಯಿರಿ. ಇನ್ನೊಂದು: ರೀಸೆಟ್ ಮಾಡಿಸಿ ನೋಡಿ. ಆನ್ ಆದ ಮೇಲೆ ಯಾವುದೋ ಕಂಪನಿಯ ಹೆಸರು ಬಂದು ಲಾಗಿನ್ ಕೇಳಿದರೆ ಅದು ಇನ್ನೂ ಆ ಕಂಪನಿಯ ಹಿಡಿತದಲ್ಲಿದೆ. ಅದನ್ನು ಅಲ್ಲೇ ಬಿಟ್ಟು ಬನ್ನಿ.

ಕೊಂಡ ಮೇಲೆ ಗಾಡಿಯ ವಿಷಯ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗ ಇಲ್ಲ, ಹಾಗಾಗಿ ಹಳೇ ಹಾರ್ಡ್ ಡಿಸ್ಕಿನಂತೆ ಕುಲುಕಾಟಕ್ಕೆ ಹೆದರಬೇಕಿಲ್ಲ. ಆದರೂ ಟ್ಯಾಂಕಿನ ಮೇಲೆ, ಕ್ಯಾರಿಯರಿಗೆ ಕಟ್ಟಿ ಒಯ್ಯಬೇಡಿ. ಪರದೆ, ತಿರುಗಣಿ ತಾಳುವುದಿಲ್ಲ. ಬೆನ್ನೇ ಸುರಕ್ಷಿತ ಜಾಗ. ಮುಚ್ಚಳ ಹಾಕಿ ಹಾಗೇ ಬ್ಯಾಗಿಗೆ ತುರುಕುವ ಅಭ್ಯಾಸ ಬಿಡಿ. ಈಗಿನ ವಿಂಡೋಸ್ ಲ್ಯಾಪ್‌ಟಾಪುಗಳು ಮುಚ್ಚಿದ ಮೇಲೂ ಒಳಗೊಳಗೇ ಎಚ್ಚರ ಇರುತ್ತವೆ. ಬ್ಯಾಗಿನೊಳಗೆ ಬಿಸಿಯಾಗಿ ಚಾರ್ಜ್ ಇಳಿದಿರುತ್ತದೆ. ಹೊರಡುವ ಮುಂಚೆ ಹೈಬರ್ನೇಟ್ ಅಥವಾ ಶಟ್‌ಡೌನ್ ಮಾಡಿ. ಏಪ್ರಿಲ್-ಮೇನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಲೇಬೇಡಿ. ಮ್ಯಾಕ್‌ಬುಕ್ ಬಳಸುವ ಜಾಗದ ಬಿಸಿ 35 ಡಿಗ್ರಿ ಮೀರಬಾರದು ಅಂತ ಆ್ಯಪಲ್ಲೇ ಹೇಳುತ್ತದೆ. ನಮ್ಮ ಬೇಸಿಗೆಯ ನೆರಳೇ ಅದನ್ನು ದಾಟುತ್ತದೆ. ಲಿಥಿಯಂ ಬ್ಯಾಟರಿಗೆ ಬಿಸಿಯಷ್ಟು ದೊಡ್ಡ ಶತ್ರು ಇಲ್ಲ. ಆಫೀಸಿನಲ್ಲಿ ಇಡೀ ದಿನ ಪ್ಲಗ್ಗಿನಲ್ಲೇ ಇರುವುದಾದರೆ ಚಾರ್ಜನ್ನು ಶೇ. 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಹಾಕಿಕೊಳ್ಳಿ.

ಕೊನೆಗೆ ಸರ್ವಿಸ್. ಸಣ್ಣ ಲ್ಯಾಪ್‌ಟಾಪನ್ನು ಬೀದಿ ಬದಿಯ ರಿಪೇರಿಯವರಿಂದ ಬಿಚ್ಚಿಸುವುದು ಕಷ್ಟ. ಆ ಕಂಪನಿಯ ಸರ್ವಿಸ್ ಸೆಂಟರ್ ಹುಬ್ಬಳ್ಳಿಯಲ್ಲಿದೆಯಾ, ಇಲ್ಲ ಬೆಂಗಳೂರಿಗೇ ಕಳಿಸಬೇಕಾ ಅಂತ ಕೊಳ್ಳುವ ಮುಂಚೆ ಕೇಳಿ. ರಾಣೆಬೆನ್ನೂರಿನಿಂದ ಹುಬ್ಬಳ್ಳಿಗೇ ನೂರು ಕಿಲೋಮೀಟರ್ ಹತ್ತಿರ. ಎರಡು ಸಲ ಓಡಾಡಿದರೆ ಎರಡು ದಿನದ ಕೆಲಸ ಹೋಯಿತು. ‘ಆನ್‌ಸೈಟ್’ ವಾರಂಟಿ ಇದ್ದರೆ ಅವರೇ ಬರುತ್ತಾರೆ, ಆದರೆ ನಿಮ್ಮ ಪಿನ್‌ಕೋಡ್ ಅದರಲ್ಲಿ ಸೇರಿದೆಯಾ ನೋಡಿ. ಬಿದ್ದು ಒಡೆದರೆ ಸಾಮಾನ್ಯ ವಾರಂಟಿ ಬರುವುದಿಲ್ಲ, ಅದಕ್ಕೆ ಬೇರೆ ದುಡ್ಡು ಕಟ್ಟಿ ರಕ್ಷಣೆ ತಗೊಳ್ಳಬೇಕು. ಗಾಡಿ ಮೇಲೆ ತಿರುಗುವ ನಿಮಗೆ ಅದು ಬೇಕೇ ಬೇಕು. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಲ್ಯಾಪ್‌ಟಾಪಿನ ಅಡಿಯಲ್ಲಿರುವ ನಂಬರಿಗೆ ತಾಳೆ ನೋಡಿ, ಅಂಗಡಿಯಲ್ಲಿದ್ದಾಗಲೇ ಕಂಪನಿಯ ವೆಬ್‌ಸೈಟಿನಲ್ಲಿ ವಾರಂಟಿ ಯಾವ ದಿನದಿಂದ ಶುರುವಾಗಿದೆ ಅಂತ ಪರೀಕ್ಷಿಸಿ.