ಕೂದಲಿಗೆ ಮುಡಿಸಿದ ಸಕ್ಕರೆ

ಶನಿವಾರಸಂತೆಯ ಕಡೆ ಗದ್ದೆಯಲ್ಲಿ ಶುಂಠಿ ಹಾಕಿದವರು ಮಳೆಗಿಂತ ಹೆಚ್ಚಾಗಿ ಹೆದರುವುದು ದುಂಡಾಣು ಸೊರಗು ರೋಗಕ್ಕೆ. ಹಸಿರಾಗಿಯೇ ಇದ್ದ ಎಲೆಗಳು ಸುರುಳಿ ಸುತ್ತಿ ಜೋತುಬೀಳುತ್ತವೆ. ಕೆಲವು ದಿನ ಕಳೆದು ಹಿಡಿದೆಳೆದರೆ ಕಾಂಡವೇ ಕಿತ್ತು ಕೈಗೆ ಬರುತ್ತದೆ. ಆಗ ಗದ್ದೆಯ ಅಂಚಿನಲ್ಲಿ ದೃಷ್ಟಿಗೊಂಬೆ ನಿಲ್ಲಿಸುವವರನ್ನೂ, ಶಿಲೀಂಧ್ರನಾಶಕವನ್ನು ಡ್ರಮ್ಮುಗಟ್ಟಲೆ ಸುರಿಯುವವರನ್ನೂ ಕಂಡು ನಾನು ನೊಂದಿದ್ದೇನೆ. ಎರಡೂ ಅಪರಾಧಿಯನ್ನು ಮುಟ್ಟುವುದಿಲ್ಲ. ಮೊನ್ನೆ ಅಂಥದೊಂದು ಕಾಂಡವನ್ನು ಬುಡದಲ್ಲಿ ಕೊಯ್ದು, ಗಾಜಿನ ಲೋಟದ ತಿಳಿನೀರಿಗೆ ಅದರ ತುದಿ ಮುಟ್ಟುವಂತೆ ಹಿಡಿದೆ. ಕೆಲವೇ ನಿಮಿಷಗಳಲ್ಲಿ ಕೊಯ್ದ ಬಾಯಿಯಿಂದ ಹಾಲಿನಂಥ ಎಳೆಯೊಂದು ನೇರವಾಗಿ ಕೆಳಗಿಳಿಯಿತು. ಅದು ಸಸ್ಯರೋಗ ವಿಜ್ಞಾನಿ ಎರ್ವಿನ್ ಸ್ಮಿತ್ 1896ರಲ್ಲಿ ವರ್ಣಿಸಿದ, ಇಂದು ರಾಲ್ಸ್ಟೋನಿಯ ಎಂದು ಕರೆಯುವ ಬ್ಯಾಕ್ಟೀರಿಯಾ ಮತ್ತು ಅದರ ಅಂಟು.

ಈ ಬ್ಯಾಕ್ಟೀರಿಯಾದ ಮೈಮೇಲೆ ಪೈಲಸ್ ಎಂಬ ಎಳೆಗಳಿವೆ. ಲ್ಯಾಟಿನ್ನಿನಲ್ಲಿ ಆ ಮಾತಿಗೆ ಕೂದಲು ಎಂದರ್ಥ; ಈ ಹೆಸರನ್ನು 1959ರಲ್ಲಿ ಬ್ರಿಂಟನ್ ಬಳಕೆಗೆ ತಂದರು. ಅದಕ್ಕೂ ಮೊದಲು, 1955ರಲ್ಲಿ, ಡುಗಿಡ್ ಮತ್ತು ಸಂಗಡಿಗರು ಇಂಥವನ್ನೇ ಫಿಂಬ್ರಿಯಾ ಎಂದಿದ್ದರು, ಅಂದರೆ ಸೆರಗಿನ ಕುಚ್ಚು. ಎರಡು ಹೆಸರುಗಳೂ ಚೆಂದ, ಆದರೆ ಎರಡೂ ಕೆಲಸವನ್ನು ಹೇಳುವುದಿಲ್ಲ. ನಾಲ್ಕನೆಯ ಬಗೆಯೆಂದು ಗುರುತಿಸುವ ಪೈಲಸ್ ಗಾಳದ ದಾರದಂತೆ ಮುಂದೆ ಚಾಚಿ, ಸಿಕ್ಕಿದ್ದಕ್ಕೆ ಅಂಟಿ, ಹಿಂದಕ್ಕೆ ಎಳೆದುಕೊಳ್ಳುತ್ತದೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಬೇರುಗಳು ಹಿಡಿಯಬಲ್ಲವು, ಎಳೆಯಲಾರವು. ಇದು ಎರಡನ್ನೂ ಮಾಡುತ್ತದೆ. ಬಾವಿಯ ಹಗ್ಗದಂತೆ ಎಳೆದದ್ದನ್ನು ಸುತ್ತಿಡುವುದೂ ಇಲ್ಲ, ಏಕೆಂದರೆ ಪಿಲಿನ್ ಎಂಬ ಪ್ರೊಟೀನಿನ ಸಾವಿರಾರು ತುಣುಕುಗಳಿಂದಾದ ಈ ಎಳೆ ಬುಡದಲ್ಲಿ ಒಂದೊಂದೇ ತುಣುಕಾಗಿ ಕಳಚಿಕೊಂಡು ಪೊರೆಯೊಳಕ್ಕೆ ಮರಳುತ್ತದೆ, ಅದೂ ಸೆಕೆಂಡಿಗೆ ಸುಮಾರು 1,000 ತುಣುಕುಗಳ ವೇಗದಲ್ಲಿ. ಗೊನೋರಿಯಾದ ಬ್ಯಾಕ್ಟೀರಿಯಾದಲ್ಲಿ ಒಂದೇ ಎಳೆಯ ಸೆಳೆತ 100 ಪೈಕೋನ್ಯೂಟನ್ (ಬಲವನ್ನು ಅಳೆಯುವ ಅತಿ ಸಣ್ಣ ಮಾನ) ದಾಟಿದ್ದನ್ನು ಅಳೆದಿದ್ದಾರೆ. ಬ್ಯಾಕ್ಟೀರಿಯಾದ ತೂಕಕ್ಕೆ ಹೋಲಿಸಿದರೆ ಇದು ಸುಮಾರು 10,000 ಪಟ್ಟು. ಐವತ್ತು ಕಿಲೋ ತೂಕದ ಮನುಷ್ಯ ಐನೂರು ಟನ್ ಎಳೆದಂತೆ.

ನನ್ನನ್ನು ಹೆಚ್ಚು ಸೆಳೆದದ್ದು ಈ ಕೂದಲಿಗೆ ಅಂಟಿಕೊಂಡ ಸಕ್ಕರೆ. ಸಕ್ಕರೆ ಎಂದರೆ ತಿನ್ನುವ ಪದಾರ್ಥ ಎಂಬ ಕಲ್ಪನೆಯನ್ನು ಇಲ್ಲಿ ಬಿಡಬೇಕು. ಇದು ಆಹಾರವಲ್ಲ, ಪ್ರೊಟೀನಿನ ಉಡುಗೆ. ಪ್ರೊಟೀನಿಗೆ ಸಕ್ಕರೆ ಜೋಡಿಸುವ ಗ್ಲೈಕೋಸಿಲೀಕರಣ ಬ್ಯಾಕ್ಟೀರಿಯಾಗಳಿಗೆ ತಿಳಿಯದೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. 1976ರಲ್ಲಿ ಮೆಷರ್ ಮತ್ತು ಸ್ಟ್ರಾಮಿಂಜರ್ ಉಪ್ಪುನೀರಿನ ಹ್ಯಾಲೊಬ್ಯಾಕ್ಟೀರಿಯಂನಲ್ಲಿ ಅದನ್ನು ತೋರಿಸಿದರು. ಮರುವರ್ಷವೇ ಕಾರ್ಲ್ ವೋಸ್ ಬ್ಯಾಕ್ಟೀರಿಯಾಗಳಲ್ಲದ ಆರ್ಕಿಯಾ ಎಂಬ ಬೇರೆ ಸೂಕ್ಷ್ಮಜೀವಿ ಬಳಗವನ್ನು ಗುರುತಿಸಿದರು, ಹ್ಯಾಲೊಬ್ಯಾಕ್ಟೀರಿಯಂ ಆ ಬಳಗಕ್ಕೆ ಸೇರಿತು, ಹೀಗಾಗಿ ಅನುಮಾನ ಪೂರ್ತಿ ನೀಗಲಿಲ್ಲ. 1995ರಲ್ಲಿ ಮೆದುಳುಪೊರೆ ಜ್ವರದ ಬ್ಯಾಕ್ಟೀರಿಯಾದ ಪಿಲಿನ್ನಿನ ಮೇಲೆಯೇ ಮೂರು ಸಕ್ಕರೆಗಳ ಸರ ಸಿಕ್ಕಿತು.

ಸಕ್ಕರೆ ಜೋಡಿಸುವ ಬಗೆಯನ್ನು ನಮ್ಮ ಮನೆಗಳ ಹೆಣ್ಣುಮಕ್ಕಳು ಬೇಗ ಗ್ರಹಿಸಬಲ್ಲರು. ಮಲ್ಲಿಗೆಯನ್ನು ಒಂದೊಂದಾಗಿ ಜಡೆಗೆ ಸಿಕ್ಕಿಸುವುದಿಲ್ಲ; ಮೊದಲೇ ಕಟ್ಟಿಟ್ಟು, ಮಾಲೆಯನ್ನು ಒಮ್ಮೆಗೇ ಮುಡಿಸುತ್ತಾರೆ. ಹಾಗೆಯೇ ಸಕ್ಕರೆಯ ಸರ ಪೊರೆಯ ಒಳಮುಖದಲ್ಲಿ ಒಂದು ಕೊಬ್ಬಿನ ಅಣುವಿನ ಮೇಲೆ ಕಟ್ಟಿಕೊಂಡು, ಮಗುಚಿ ಹೊರಮುಖಕ್ಕೆ ಬರುತ್ತದೆ. ಅಲ್ಲಿ ಕಾಯುತ್ತಿರುವ ಕಿಣ್ವವೊಂದು ಪಿಲಿನ್ನಿನ ಸೆರೀನ್ ಎಂಬ ಅಮೈನೋ ಆಮ್ಲಕ್ಕೆ ಇಡೀ ಸರವನ್ನು ಮುಡಿಸುತ್ತದೆ.

ಈ ಮುಡಿ ಬರಿಯ ಅಲಂಕಾರವಲ್ಲ. ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾವನ್ನು ಕೊಲ್ಲುವ ಕೆಲವು ವೈರಸ್‌ಗಳು ಪೈಲಸ್ಸನ್ನೇ ಹಿಡಿದು ಒಳನುಗ್ಗುತ್ತವೆ. ಪಿಲಿನ್ ಸಕ್ಕರೆ ಹೊದ್ದಿದ್ದರೆ ಅವುಗಳಲ್ಲಿ ಹಲವಕ್ಕೆ ಹಿಡಿತ ಸಿಗುವುದಿಲ್ಲ. ರಾಲ್ಸ್ಟೋನಿಯಾದಲ್ಲಿ ಮುಡಿಸುವ ಕಿಣ್ವವನ್ನೇ ತೆಗೆದು ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು: ಬ್ಯಾಕ್ಟೀರಿಯಾ ಗುಂಪಾಗಿ ಅಂಟಿ ಕಟ್ಟುವ ಪದರ ಸೊರಗಿತ್ತು, ಟೊಮ್ಯಾಟೊ ಗಿಡವನ್ನು ಬಾಡಿಸುವ ಅದರ ಬಲವೂ ಕುಗ್ಗಿತ್ತು. ಆದರೆ ಆ ಕಿಣ್ವ ಪಿಲಿನ್ನಿಗಷ್ಟೇ ಅಲ್ಲ, ಬೇರೆ ಹಲವು ಪ್ರೊಟೀನುಗಳಿಗೂ ಸಕ್ಕರೆ ಮುಡಿಸುತ್ತದೆ. ಆದ್ದರಿಂದ ಆ ಸೋಲನ್ನೆಲ್ಲ ಕೂದಲೊಂದರ ಲೆಕ್ಕಕ್ಕೆ ಬರೆಯುವಂತಿಲ್ಲ.