ಮನೆ ಕಂಪ್ಯೂಟರ್‌ಗೆ ಆಂಟಿವೈರಸ್ ಕೊಳ್ಳಬೇಕಾ? ಒಂದು ಟಿಪ್ಪಣಿ

"ಆಂಟಿವೈರಸ್ ಬೇಕಾ, ಬೇಡವಾ?" ವಿಂಡೋಸ್ ಬಳಸುವವರಿಗೆ ಈ ಪ್ರಶ್ನೆ ಹಳೆಯದಾಯಿತು. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಅನ್ನುವ ಪೂರ್ಣ ಆಂಟಿವೈರಸ್ ಒಳಗೇ ಇರುತ್ತದೆ. ಅದರ ಜೊತೆಗೆ ಇನ್ನೊಂದಕ್ಕೆ ವರ್ಷಾ ವರ್ಷ ದುಡ್ಡು ಕಟ್ಟಬೇಕಾ ಅನ್ನುವುದನ್ನು ಮಾತ್ರ ನೋಡಬೇಕು. ಕಾಲೇಜಿನಲ್ಲಿ ಓದುವ ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ಗೆ ಬೇಡ ಅಂತಲೇ ನಾನು ಹೇಳುತ್ತೇನೆ. ಹಾಗಂತ ಇರುವುದನ್ನು ಆಫ್ ಮಾಡಿ ಕೂರಬೇಡಿ.

ಮೊದಲು ಅದು ಕೆಲಸ ಮಾಡುವ ಬಗೆ. ಫೈಲ್ ತೆರೆಯುವಾಗ ಆಂಟಿವೈರಸ್ ಅದನ್ನು ಗೊತ್ತಿರುವ ವೈರಸ್‌ಗಳ ಗುರುತಿನ ಜೊತೆ ಹೋಲಿಸುತ್ತದೆ. ಈ ಗುರುತಿಗೆ ಸಿಗ್ನೇಚರ್ ಅನ್ನುತ್ತಾರೆ. ನಿನ್ನೆ ರಾತ್ರಿ ಹುಟ್ಟಿದ ವೈರಸ್‌ಗೆ ಸಿಗ್ನೇಚರ್ ಇರುವುದಿಲ್ಲ, ಅಲ್ವಾ? ಅದಕ್ಕೇ ನಡವಳಿಕೆಯನ್ನೂ ಗಮನಿಸುತ್ತದೆ. ಯಾವುದೋ ಪ್ರೋಗ್ರಾಂ ಇದ್ದಕ್ಕಿದ್ದಂತೆ ನೂರಾರು ಫೈಲ್ ಬದಲಾಯಿಸಲು ಶುರು ಮಾಡಿದರೆ ಅನುಮಾನಪಟ್ಟು ತಡೆಯುತ್ತದೆ. ಕೆಲವು ಸಲ ಒಳ್ಳೆಯ ಪ್ರೋಗ್ರಾಂ ಕೂಡ ಸಿಕ್ಕಿಬೀಳುತ್ತದೆ. ಇದು ಫಾಲ್ಸ್ ಪಾಸಿಟಿವ್.

ನಮ್ಮ ತುಮಕೂರಲ್ಲಿ ವೈರಸ್ ಬರುವ ದೊಡ್ಡ ದಾರಿ ಪೆನ್‌ಡ್ರೈವ್. ಪ್ರಾಜೆಕ್ಟ್ ರಿಪೋರ್ಟ್ ಕೊಡುವ ವಾರ ಬಿ.ಎಚ್. ರಸ್ತೆಯ ಯಾವುದೇ ಜೆರಾಕ್ಸ್ ಅಂಗಡಿ ನೋಡಿ. "ಅಣ್ಣಾ, ಬೇಗ ಒಂದು ಪ್ರಿಂಟ್" ಅನ್ನುತ್ತಾ ಎಲ್ಲರೂ ಒಂದೇ ಕಂಪ್ಯೂಟರ್‌ಗೆ ಚುಚ್ಚುತ್ತಾರೆ. ಮೊದಲೆಲ್ಲ ಚುಚ್ಚಿದ ತಕ್ಷಣ ಆಟೋರನ್‌ನಿಂದ ವೈರಸ್ ತಾನೇ ಓಡುತ್ತಿತ್ತು. ವಿಂಡೋಸ್ 7ರಲ್ಲಿ ಪೆನ್‌ಡ್ರೈವ್‌ಗೆ ಅದನ್ನು ನಿಲ್ಲಿಸಿದರು. 2011ರ ಅಪ್‌ಡೇಟ್‌ನಲ್ಲಿ ಎಕ್ಸ್‌ಪಿಗೂ ನಿಲ್ಲಿಸಿದರು. ಈಗ ಹೆಚ್ಚಾಗಿ ಕಾಣುವುದು ಶಾರ್ಟ್‌ಕಟ್ ವೈರಸ್. ಅದು ನಿಮ್ಮ ಫೋಲ್ಡರ್ ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ನೀವೇ ಕ್ಲಿಕ್ ಮಾಡಿ ಓಡಿಸಬೇಕು. ಫೋಲ್ಡರ್ ಚಿತ್ರದ ಮೂಲೆಯಲ್ಲಿ ಸಣ್ಣ ಬಾಣ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ. ಫೈಲ್ ಹೋಗಿರುವುದಿಲ್ಲ, ಅಡಗಿರುತ್ತದೆ ಅಷ್ಟೇ. ಸುಮ್ನೆ ಗಾಬರಿಯಾಗಿ ಫಾರ್ಮ್ಯಾಟ್ ಮಾಡಬೇಡಿ. ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿ, ಆಮೇಲೆ ಅಡಗಿದ ಫೈಲ್ ತೋರಿಸುವ ಆಯ್ಕೆ ಹಾಕಿ ನೋಡಿ. ಪ್ರಿಂಟ್‌ಗೆ ಪಿಡಿಎಫ್ ಮಾತ್ರ ಮೇಲ್ ಮಾಡಿದರೆ ಈ ಕಾಟವೇ ಇಲ್ಲ.

ಆಂಟಿವೈರಸ್‌ಗಿಂತ ಅಪ್‌ಡೇಟ್ ಯಾಕೆ ಮುಖ್ಯ ಅನ್ನುವುದಕ್ಕೆ ವಾನ್ನಾಕ್ರೈ ನೆನಪಿಟ್ಟುಕೊಳ್ಳಿ, ಪರೀಕ್ಷೆಗೂ ಆಗುತ್ತದೆ. 2017ರ ಮೇ 12ರಂದು ಹರಡಿದ, ಫೈಲ್‌ಗಳಿಗೆ ಬೀಗ ಹಾಕಿ ಬಿಡಿಸಲು ದುಡ್ಡು ಕೇಳುವ ಈ ರ್‍ಯಾನ್ಸಮ್‌ವೇರ್‌ಗೆ ಯಾರೂ ಕ್ಲಿಕ್ ಮಾಡಬೇಕಿರಲಿಲ್ಲ. ವಿಂಡೋಸ್‌ನ ಫೈಲ್ ಹಂಚುವ ವ್ಯವಸ್ಥೆಯಲ್ಲಿದ್ದ ತೂತಿನಿಂದ ನೆಟ್‌ವರ್ಕ್ ತುಂಬ ನುಗ್ಗಿತು. ಆ ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು! ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ಇಂಥ ಅಪ್‌ಡೇಟ್ ಕೊಡುವುದು, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲೇ ಇದ್ದರೆ 11ಕ್ಕೆ ಹೋಗುವುದು ಅಥವಾ ವಿಸ್ತರಿತ ಅಪ್‌ಡೇಟ್‌ಗೆ ಸೇರುವುದು ಮೊದಲ ಕೆಲಸ.

ಹೊಸ ಲ್ಯಾಪ್‌ಟಾಪ್ ಜೊತೆ ಟ್ರಯಲ್ ಆಂಟಿವೈರಸ್ ಬಂದಿದ್ದರೆ, ಅದು ಚಾಲೂ ಇರುವ ತನಕ ಡಿಫೆಂಡರ್ ಪಕ್ಕಕ್ಕೆ ಸರಿಯುತ್ತದೆ. ಅವಧಿ ಮುಗಿದ ಮೇಲೂ "ಅಪಾಯ, ದುಡ್ಡು ಕಟ್ಟಿ" ಅಂತ ಪೀಡಿಸುತ್ತಿದ್ದರೆ ತೆಗೆದುಹಾಕಿ. ಡಿಫೆಂಡರ್ ತಾನೇ ವಾಪಸ್ ಬರುತ್ತದೆ. ಉಳಿದ ದುಡ್ಡನ್ನು ಒಂದು ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿ, ನೋಟ್ಸ್ ಕಾಪಿ ಮಾಡಿ, ಆದ ಮೇಲೆ ಕೇಬಲ್ ಕಿತ್ತಿಡಿ. ಚುಚ್ಚೇ ಇಟ್ಟರೆ ರ್‍ಯಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ.

"ಮೊದಲು ಆಂಟಿವೈರಸ್ ಆಫ್ ಮಾಡಿ" ಅನ್ನುವ ಕ್ರ್ಯಾಕ್ (ಲೈಸೆನ್ಸ್ ಮುರಿದ ಕಳ್ಳ) ಸಾಫ್ಟ್‌ವೇರ್ ಮುಂದೆ ಯಾವ ದುಬಾರಿ ಲೈಸೆನ್ಸೂ ನಿಲ್ಲದು. ಫೋನ್ ಮಾಡಿದವನಿಗೆ ಒಟಿಪಿ ಹೇಳಿದರೂ ಅಷ್ಟೇ. ಹಾಗೆ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಡಿಫೆಂಡರ್ ಎಚ್ಚರವಾಗಿದೆಯಾ ಅಂತ ನೋಡಲು ಐಕಾರ್ ಪರೀಕ್ಷಾ ಫೈಲ್ ಇದೆ. 68 ಅಕ್ಷರದ ಸಾಲು, ಏನೂ ಹಾನಿ ಮಾಡದು, ಆದರೂ ಆಂಟಿವೈರಸ್‌ಗಳು ಅದನ್ನು ಹಿಡಿಯುತ್ತವೆ. ಕಾಲೇಜು ಲ್ಯಾಬ್‌ನಲ್ಲಿ ಮಾಡುವುದಾದರೆ ಮೊದಲೇ ಮೇಷ್ಟ್ರಿಗೆ ಹೇಳಿಬಿಡಿ.