ಸಮುದ್ರದ ದುಡ್ಡು ಖಜಾನೆಗೆ ಬಂತು, ಮೀನು ತಟ್ಟೆಗೆ ಬಂತಾ?

ಕಿರಿಬಾಟಿ ದೇಶದ ದ್ವೀಪಗಳನ್ನೆಲ್ಲ ಸೇರಿಸಿದರೂ ನೆಲ ಇರೋದು 811 ಚದರ ಕಿಲೋಮೀಟರ್. ಅದರ ಪಾಲಿನ ಸಮುದ್ರ ಸುಮಾರು 35 ಲಕ್ಷ ಚದರ ಕಿಲೋಮೀಟರ್. ಇಷ್ಟು ನೀರಿರುವ ದೇಶಕ್ಕೆ ಊಟದ ಚಿಂತೆ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಸಹಜವಾದ ಪ್ರಶ್ನೆಯೇ. ಆದರೆ ಶಾಂತಸಾಗರದ ಇಂಥ ದೇಶಗಳ ಅಂಗಡಿಗಳಲ್ಲಿ ಸಾಲಾಗಿ ಜೋಡಿಸಿರುವುದು ಹಡಗಿನಲ್ಲಿ ಬಂದ ಅಕ್ಕಿ, ಮೈದಾ, ಸಕ್ಕರೆ, ಡಬ್ಬಿ ಮಾಂಸ. ಸಕ್ಕರೆ ಕಾಯಿಲೆ ಮತ್ತು ಬೊಜ್ಜು ಜಗತ್ತಿನಲ್ಲೇ ಅತಿ ಹೆಚ್ಚು ಇರುವ ದೇಶಗಳ ಪಟ್ಟಿಯಲ್ಲೂ ಇವೇ ಹೆಸರುಗಳು ಮೇಲಿರುತ್ತವೆ.

ಮೀನು ಹಿಡಿದಾದ ಮೇಲೆ ಅದಕ್ಕೆ ಏನಾಗುತ್ತದೆ ಅನ್ನುವುದು ನನ್ನ ಕೆಲಸದ ಕ್ಷೇತ್ರ. ಅದರಲ್ಲಿ ಇರುವವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ: ಸಮುದ್ರದಿಂದ ಬರುವ ದುಡ್ಡು ಒಂದು ಲೆಕ್ಕ, ಸಮುದ್ರದಿಂದ ಬರುವ ಊಟ ಇನ್ನೊಂದು ಲೆಕ್ಕ. ಮೊದಲನೆಯದು ಜಾಸ್ತಿಯಾದರೆ ಎರಡನೆಯದು ತಾನಾಗಿಯೇ ಜಾಸ್ತಿಯಾಗುವುದಿಲ್ಲ.

ದುಡ್ಡಿನ ಕಥೆ ಮೊದಲು ಹೇಳುತ್ತೇನೆ, ಯಾಕಂದ್ರೆ ಅದು ನಿಜಕ್ಕೂ ದೊಡ್ಡ ಸಾಧನೆ. 1982ರ ಸಮುದ್ರ ಕಾನೂನು ಒಪ್ಪಂದ ಪ್ರತಿ ಕರಾವಳಿ ದೇಶಕ್ಕೂ ದಡದಿಂದ 200 ನಾಟಿಕಲ್ ಮೈಲಿವರೆಗೆ, ಅಂದರೆ ಸುಮಾರು 370 ಕಿಲೋಮೀಟರ್‌ವರೆಗೆ, ಮೀನಿನ ಮೇಲೆ ಹಕ್ಕು ಕೊಟ್ಟಿತು. ಹಕ್ಕೇನೋ ಬಂತು, ದೊಡ್ಡ ಹಡಗುಗಳು ಮಾತ್ರ ಹೊರಗಿನವರದ್ದು. ಒಂದೊಂದು ಪುಟ್ಟ ದೇಶ ಒಂಟಿಯಾಗಿ ಚೌಕಾಸಿಗೆ ಕೂತರೆ ಏನಾಗುತ್ತದೆ ಅಂತ ನಿಮಗೂ ಗೊತ್ತು ಅಲ್ವಾ. ಅದೇ 1982ರಲ್ಲಿ ನೌರು ಒಪ್ಪಂದ ಆಯಿತು. ಕಿರಿಬಾಟಿ, ತುವಾಲು, ಮಾರ್ಷಲ್ ದ್ವೀಪಗಳು, ಪಲಾವ್, ಪಪುವಾ ನ್ಯೂಗಿನಿ, ಸಾಲೊಮನ್ ದ್ವೀಪಗಳು, ಮೈಕ್ರೊನೇಷ್ಯ, ನೌರು, ಈ ಎಂಟೂ ಕ್ರಮೇಣ ಒಟ್ಟಾಗಿ ನಿಂತವು. ಮುಂದೆ ಹಡಗಿನ ದಿನಗಳನ್ನು ಮಾರುವ ಪದ್ಧತಿ ತಂದರು. ವರ್ಷಕ್ಕೆ ಇಷ್ಟೇ ದಿನ ಮೀನು ಹಿಡಿಯಬಹುದು ಅಂತ ನಿಗದಿ ಮಾಡಿ, ಆ ದಿನಗಳನ್ನು ತಮ್ಮೊಳಗೆ ಹಂಚಿಕೊಂಡು, ಪರ್ಸೀನ್ ಹಡಗುಗಳಿಗೆ, ಅಂದರೆ ಟ್ಯೂನಾ ಗುಂಪನ್ನೇ ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿಯುವ ಹಡಗುಗಳಿಗೆ, ದಿನದ ಲೆಕ್ಕದಲ್ಲಿ ಮಾರುವುದು. 2015ರಿಂದ ಕನಿಷ್ಠ ದರ ದಿನಕ್ಕೆ 8,000 ಡಾಲರ್. 2010ರಲ್ಲಿ ಸುಮಾರು 6 ಕೋಟಿ ಡಾಲರ್ ಇದ್ದ ಒಟ್ಟು ಆದಾಯ ಹತ್ತು ವರ್ಷದೊಳಗೆ 50 ಕೋಟಿಯ ಹತ್ತಿರ ಹೋಯಿತು. ಕಿರಿಬಾಟಿ ಸರ್ಕಾರದ ವರಮಾನದಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಇದರಿಂದಲೇ. ಶಾಲೆ, ಆಸ್ಪತ್ರೆ, ಸಂಬಳ ಎಲ್ಲಾ ಇದರ ಮೇಲೆ ನಡೆಯುತ್ತವೆ.

ಈಗ ಮಾರ್ಷಲ್ ದ್ವೀಪಗಳ ರಾಜಧಾನಿ ಮಜುರೊ ಕಡೆ ನೋಡಿ. ಪರ್ಸೀನ್ ಹಡಗುಗಳು ಮೀನನ್ನು ನಡುಸಮುದ್ರದಲ್ಲಿ ಇನ್ನೊಂದು ಹಡಗಿಗೆ ವರ್ಗಾಯಿಸುವಂತಿಲ್ಲ, ಬಂದರಿಗೇ ಬರಬೇಕು. ಹಾಗಾಗಿ ಅಲ್ಲಿನ ಹಿನ್ನೀರಿನಲ್ಲಿ ಹಡಗುಗಳು ಅಕ್ಕಪಕ್ಕ ನಿಂತು ಹೆಪ್ಪುಗಟ್ಟಿದ ಟ್ಯೂನಾವನ್ನು ಟನ್‌ಗಟ್ಟಲೆ ಸಾಗಣೆ ಹಡಗಿಗೆ ದಾಟಿಸುತ್ತವೆ. ಬಹುಪಾಲು ಅಲ್ಲಿಂದ ಸೀದಾ ದೂರದ ಡಬ್ಬಿ ಕಾರ್ಖಾನೆಗಳಿಗೆ ಹೋಗುತ್ತದೆ. ಮೀನು ಊರಿನ ಮುಂದೆಯೇ ಹಾದು ಹೋಗುತ್ತದೆ, ಅಷ್ಟೇ.

ಹಾಗಾದರೆ ಊರಿನವರೇ ಹೋಗಿ ಟ್ಯೂನಾ ಹಿಡಿಯಬಾರದಾ? ಹಿಡಿಯುತ್ತಾರೆ. ಆದರೆ ಚಿಕ್ಕ ದೋಣಿ, ಹಿಂದೆ ಒಂದು ಔಟ್‌ಬೋರ್ಡ್ ಎಂಜಿನ್, ಪೆಟ್ರೋಲು ದುಬಾರಿ. ಮೀನಿನ ಗುಂಪು ಎಲ್ಲಿದೆ ಅಂತ ಅರ್ಧ ದಿನ ಹುಡುಕಿ ಬರಿಗೈಲಿ ಬಂದರೆ ಆ ವಾರದ ಸಂಪಾದನೆಯೇ ಹೋಯಿತು. ಇದಕ್ಕೆ ಒಂದು ಸರಳ ಪರಿಹಾರ ಇದೆ, ಫ್ಯಾಡ್ ಅಂತಾರೆ. ದಡದಿಂದ ಕೆಲವೇ ಕಿಲೋಮೀಟರ್ ದೂರದ ಆಳ ನೀರಿನಲ್ಲಿ ಕಾಂಕ್ರೀಟು ಅಥವಾ ಕಬ್ಬಿಣದ ಭಾರ ಇಳಿಸಿ, ನೂರಾರು ಮೀಟರ್ ಹಗ್ಗ ಕಟ್ಟಿ, ಮೇಲೆ ಬೋಯಾ ತೇಲಿಬಿಡುತ್ತಾರೆ. ಬೋಯಾದ ಕೆಳಗೆ ಹಳೇ ಹಗ್ಗ, ತೆಂಗಿನ ಗರಿ ಇಳಿಬಿಟ್ಟಿರುತ್ತಾರೆ. ಆ ನೆರಳಿಗೆ ಸಣ್ಣ ಮೀನು ಸೇರುತ್ತವೆ, ಟ್ಯೂನಾ ಗುಂಪುಗಳೂ ಸುತ್ತಮುತ್ತ ಸುಳಿದಾಡುತ್ತವೆ. ಮೀನುಗಾರರಿಗೆ ಹೋಗಬೇಕಾದ ಜಾಗ ಗೊತ್ತಿರುತ್ತದೆ, ಪೆಟ್ರೋಲು ಉಳಿಯುತ್ತದೆ, ಹವಳದ ದಿಬ್ಬದ ಮೀನಿನ ಮೇಲಿನ ಒತ್ತಡವೂ ಕಡಿಮೆಯಾಗುತ್ತದೆ. ಇದನ್ನು ದೊಡ್ಡ ಹಡಗುಗಳು ತೇಲಿಬಿಡುವ ಫ್ಯಾಡ್ ಜೊತೆ ದಯವಿಟ್ಟು ಬೆರೆಸಬೇಡಿ. ಅವು ಸಾಗರದಲ್ಲಿ ಅಲೆಯುತ್ತವೆ. ಅವುಗಳ ಸುತ್ತ ಬಲೆ ಹಾಕಿದರೆ ಇನ್ನೂ ಬೆಳೆಯದ ಬಿಗ್‌ಐ ಮತ್ತು ಯೆಲ್ಲೋಫಿನ್ ಟ್ಯೂನಾ ಮರಿಗಳೂ ಸಿಕ್ಕಿಬೀಳುತ್ತವೆ. ಅದಕ್ಕೇ ವರ್ಷದಲ್ಲಿ ಒಂದಷ್ಟು ಕಾಲ ಅವುಗಳ ಬಳಕೆಗೆ ನಿಷೇಧವಿದೆ.

ಮೀನು ದೋಣಿಗೆ ಬಂತು. ನನ್ನ ಮಟ್ಟಿಗೆ ನಿಜವಾದ ಸಮಸ್ಯೆ ಶುರುವಾಗುವುದು ಇಲ್ಲಿಂದ. ಟ್ಯೂನಾದ ಮೈ ಸುತ್ತಲಿನ ನೀರಿಗಿಂತ ಬಿಸಿ, ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಜಾಸ್ತಿ. ಬಿಸಿಲಿನಲ್ಲಿ ಕೆಲವು ಗಂಟೆ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಾಯಿಸುತ್ತವೆ. ತಿಂದವರಿಗೆ ಮುಖ ಕೆಂಪಾಗಿ, ತಲೆನೋವು, ಮೈ ತುರಿಕೆ, ವಾಂತಿ. ಎಷ್ಟು ಬೇಯಿಸಿದರೂ ಹಿಸ್ಟಮಿನ್ ಹೋಗುವುದಿಲ್ಲ, ನೋಡೋಕೆ ಮೀನು ಚೆನ್ನಾಗಿಯೇ ಕಾಣಬಹುದು. ಹಿಡಿದ ತಕ್ಷಣ ರಕ್ತ ಬಸಿದು, ಕರುಳು ತೆಗೆದು, ಐಸಿನಲ್ಲಿ ಹೂತಿಡಬೇಕು, ಮೀನಿನಷ್ಟೇ ತೂಕದ ಐಸು ಬೇಕು. ಆದರೆ ಐಸ್ ಮಾಡೋಕೆ ಕರೆಂಟು ಬೇಕು, ಸಿಹಿನೀರು ಬೇಕು. ಹವಳದ ದ್ವೀಪದಲ್ಲಿ ಕರೆಂಟು ಡೀಸೆಲ್ ಜನರೇಟರ್‌ನದ್ದು, ಸಿಹಿನೀರು ಮರಳಿನಡಿ ತೆಳುವಾಗಿ ನಿಂತಿರುವ ಒಂದು ಪದರ. ಕುಡಿಯೋಕೇ ಸಾಲದ ನೀರನ್ನು ಐಸಿಗೆ ಹಾಕಿ ಅಂತ ಯಾವ ಬಾಯಿಂದ ಹೇಳೋಣ? ಸಮುದ್ರದ ನೀರಿನಿಂದಲೇ ಐಸ್ ಮಾಡುವ ಯಂತ್ರಗಳಿವೆ, ಸೋಲಾರ್ ಜೊತೆಗೂ ನಡೆಸಬಹುದು. ಆದರೆ ಕೆಟ್ಟಾಗ ರಿಪೇರಿ ಮಾಡುವವರು ಆ ದ್ವೀಪದಲ್ಲೇ ಇರಬೇಕು.

ಐಸಿಲ್ಲದೆಯೂ ದಾರಿ ಇದೆ ಅಂತ ಮಾಲ್ಡೀವ್ಸ್ ಜನ ಶತಮಾನಗಳಿಂದ ತೋರಿಸುತ್ತಾ ಬಂದಿದ್ದಾರೆ. ಸ್ಕಿಪ್‌ಜ್ಯಾಕ್ ಟ್ಯೂನಾವನ್ನು ಸೀಳಿ, ಬೇಯಿಸಿ, ಹೊಗೆಯಲ್ಲಿಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವವರೆಗೆ ಒಣಗಿಸುತ್ತಾರೆ. ಬೇಯಿಸಿದ ನೀರನ್ನೂ ಚೆಲ್ಲುವುದಿಲ್ಲ, ಅದನ್ನು ಕುದಿಸಿ ಕುದಿಸಿ ರಿಹಾಕುರು ಎಂಬ ಕಂದು ಬಣ್ಣದ ಗಟ್ಟಿ ಪೇಸ್ಟ್ ಮಾಡಿ ತಿಂಗಳುಗಟ್ಟಲೆ ಇಡುತ್ತಾರೆ. ಮೀನು ಹಿಡಿಯುವುದೂ ಒಂದೊಂದಾಗಿ, ಕೋಲಿಗೆ ಕಟ್ಟಿದ ಗಾಳದಲ್ಲಿ. ತಮ್ಮ ನೀರಿನಲ್ಲಿ ಪರ್ಸೀನ್‌ಗೆ ಅವಕಾಶ ಕೊಟ್ಟಿಲ್ಲ. ತಲಾ ಮೀನು ತಿನ್ನುವುದರಲ್ಲಿ ಆ ದೇಶ ಜಗತ್ತಿನ ಮೊದಲ ಸಾಲಿನಲ್ಲಿದೆ, ಟ್ಯೂನಾ ರಫ್ತೂ ನಡೆಯುತ್ತಿದೆ. ಅಕ್ಕಿ, ಗೋಧಿ ಹೊರಗಿನಿಂದಲೇ ಬರಬೇಕು, ಅದು ಬೇರೆ ಮಾತು. ಆದರೂ ಎರಡೂ ಲೆಕ್ಕವನ್ನು ಒಟ್ಟಿಗೆ ಸಂಭಾಳಿಸಿದ ದೇಶ ಯಾವುದು ಅಂತ ಕೇಳಿದರೆ ನಾನು ಮೊದಲು ತೋರಿಸುವುದು ಇದನ್ನೇ.

ಇನ್ನೊಂದು ಊಟ ಯಾವ ಲೆಕ್ಕದಲ್ಲೂ ಸರಿಯಾಗಿ ಬರುವುದಿಲ್ಲ. ಇಳಿತದ ಹೊತ್ತಿಗೆ ಹೆಂಗಸರು, ಮಕ್ಕಳು ಹವಳದ ದಿಬ್ಬದ ಮೇಲೆ ನಡೆದು ಚಿಪ್ಪು, ಏಡಿ, ಆಕ್ಟೋಪಸ್ ಆರಿಸಿ ತರುತ್ತಾರೆ. ಅವತ್ತಿನ ಸಾರು ಅದರಿಂದಲೇ. ಮಾರಾಟವಾಗದ ಕಾರಣ ಇದು ಅಂಕಿಅಂಶಕ್ಕೆ ಸಿಗುವುದಿಲ್ಲ, ಅಂಕಿಅಂಶದಲ್ಲಿ ಇಲ್ಲದ್ದನ್ನು ಯೋಜನೆ ಬರೆಯುವವರು ಗಮನಿಸುವುದಿಲ್ಲ. ಬಂದರಿಗಾಗಿ ದಿಬ್ಬ ಅಗೆದರೆ ದೇಶದ ಆದಾಯ ಏರಿತು ಅಂತಲೇ ಬರೆದುಕೊಳ್ಳುತ್ತಾರೆ. ಆ ಮನೆಗಳಲ್ಲಿ ಮಾತ್ರ ಅವತ್ತಿನಿಂದ ಡಬ್ಬಿ ಮಾಂಸ.

ಹೊರಗಿನ ಸರಕನ್ನೇ ನಂಬಿದರೆ ಏನಾಗುತ್ತದೆ ಅಂತ ಟೊಂಗಾ 2022ರ ಜನವರಿಯಲ್ಲಿ ಕಂಡಿತು. ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿದು ಬೆಳೆಗಳ ಮೇಲೆ ಬೂದಿ ಬಿತ್ತು, ಸುನಾಮಿ ದೋಣಿಗಳನ್ನು ಒಡೆಯಿತು. ರನ್‌ವೇ ಮೇಲಿನ ಬೂದಿ ಗುಡಿಸುವವರೆಗೆ ನೆರವಿನ ವಿಮಾನಗಳೂ ಇಳಿಯಲಾಗಲಿಲ್ಲ.

ಹಡಗಿನ ದಿನಗಳ ಆದಾಯವೂ ಹೀಗೇ ಇರುತ್ತದೆ ಅಂತಿಲ್ಲ. ಸ್ಕಿಪ್‌ಜ್ಯಾಕ್ ಬೆಚ್ಚಗಿನ ನೀರಿನ ಹಿಂದೆ ಹೋಗುವ ಮೀನು. ಎಲ್ ನಿನೊ ವರ್ಷಗಳಲ್ಲಿ ಆ ನೀರು ಪೂರ್ವಕ್ಕೆ ಸರಿದಾಗ ಮೀನೂ ಸರಿಯುತ್ತದೆ, ಕಿರಿಬಾಟಿಗೆ ಲಾಭವಾಗುತ್ತದೆ. ಸಾಗರ ಹೀಗೇ ಬಿಸಿಯಾಗುತ್ತಾ ಹೋದರೆ ಮೀನು ಇನ್ನೂ ಪೂರ್ವಕ್ಕೆ, ಯಾರ ವಲಯವೂ ಅಲ್ಲದ ನೀರಿಗೆ ಹೋಗುತ್ತದೆ ಅನ್ನುವುದು ವಿಜ್ಞಾನಿಗಳ ಅಂದಾಜು. ಸಮುದ್ರಮಟ್ಟ ಏರಿದರೂ ನಮ್ಮ ಸಮುದ್ರ ಗಡಿಗಳು ಬದಲಾಗುವುದಿಲ್ಲ ಅಂತ ಶಾಂತಸಾಗರದ ದ್ವೀಪದೇಶಗಳು 2021ರಲ್ಲಿ ಒಟ್ಟಾಗಿ ಘೋಷಿಸಿದವು. ಒಳ್ಳೆಯ ಕೆಲಸ. ಆದರೆ ಮೀನು ಗಡಿ ನೋಡಿ ಈಜುವುದಿಲ್ಲ.

ದುಡ್ಡು ತರುವ ಹೊಸ ದಾರಿಗಳೂ ಬಂದಿವೆ. ಸೇಶೆಲ್ಸ್ 2018ರಲ್ಲಿ 1.5 ಕೋಟಿ ಡಾಲರ್‌ನ ಬ್ಲೂ ಬಾಂಡ್, ಅಂದರೆ ಸಮುದ್ರಕ್ಕೆ ಸಂಬಂಧಿಸಿದ ಕೆಲಸಗಳಿಗೆ ಅಂತ ಎತ್ತುವ ಸಾಲದ ಪತ್ರ, ಹೊರಡಿಸಿತು, ದೇಶವೊಂದು ಹೊರಡಿಸಿದ ಮೊದಲ ಬ್ಲೂ ಬಾಂಡ್ ಅದು. 2020ರ ಹೊತ್ತಿಗೆ ತನ್ನ ಸಮುದ್ರದ ಶೇ. 30 ಭಾಗಕ್ಕೆ ರಕ್ಷಣೆಯನ್ನೂ ಕೊಟ್ಟಿತು. ಇಂಥ ಯಾವುದೇ ಯೋಜನೆಯ ಕಾಗದ ಕೈಗೆ ಬಂದರೂ ನಾನು ಹುಡುಕುವುದು ಒಂದು ಸಾಲನ್ನು: ಹಿಡಿದ ಮೀನಿನಲ್ಲಿ ಎಷ್ಟು ಪಾಲು ಆ ದೇಶದ ಅಡುಗೆಮನೆಗೆ ಹೋಗುತ್ತದೆ? ಆ ಸಾಲು ಸಿಗುವುದು ಅಪರೂಪ.

ದಡದ ಹತ್ತಿರ ಹಾಕಿದ ಫ್ಯಾಡ್‌ಗಳು ಸಾಮಾನ್ಯವಾಗಿ ಒಂದೆರಡು ವರ್ಷ ಬಾಳುತ್ತವೆ, ಆಮೇಲೆ ಬಿರುಗಾಳಿಗೋ ಹಗ್ಗ ಸವೆದೋ ಕಿತ್ತುಹೋಗುತ್ತವೆ. ಹಾಕೋಕೆ ಹೊರಗಿನ ನೆರವು ಸಿಗುತ್ತದೆ, ಮತ್ತೆ ಹಾಕೋಕೆ ಸಿಗುವುದಿಲ್ಲ. ಒಂದಕ್ಕೆ ಬೇಕಾಗುವುದು ಕೆಲವು ಸಾವಿರ ಡಾಲರ್, ಅಂದರೆ ಒಂದು ಪರ್ಸೀನ್ ಹಡಗಿಗೆ ಒಂದೇ ಒಂದು ದಿನ ಮಾರಿದರೆ ಬರುವಷ್ಟು ದುಡ್ಡು. ಹಾಗಾಗಿ ವರ್ಷಕ್ಕೆ ಇಂತಿಷ್ಟು ದಿನಗಳ ಹಣವನ್ನು ಫ್ಯಾಡ್, ಐಸ್ ಯಂತ್ರ ಮತ್ತು ಆ ಯಂತ್ರದ ಮೆಕ್ಯಾನಿಕ್ ಸಂಬಳಕ್ಕೆ ಅಂತ ಬಜೆಟ್‌ನಲ್ಲೇ ಬರೆದಿಡಿ ಅನ್ನುವುದು ನನ್ನ ಸಲಹೆ.